ಕೋಳಿ ಕೂಗಿದ್ದು ನನಗೂ ಕೇಳಿಸಿತ್ತು



ಪೋಸ್ಟ್ ಉದ್ದ ಅದ. ಪುರುಸೊತ್ತಿದ್ದಾಗ ಓದ್ರಿ, ಆದರೆ ಅರ್ಧಕ್ಕೇ ಬಿಟ್ಟು ಕಮೆಂಟ್ ಹಾಕಬ್ಯಾಡ್ರಿ. ಇದು ದಲಿತ ಕ್ರೈಸ್ತರ ಬಗ್ಗೆ ಬರೆದದ್ದು. ಅದಕ್ಕೂ ಮೊದಲು ನನ್ನ ಬಗ್ಗೆ.

ಹೋದ ಶುಭ ಶುಕ್ರವಾರ ಶಹಾಬಾದಿನ ಒಂದು ಸಣ್ಣ ಸಭೆಯ ಹಿಂದಿನ ಸಾಲಿನಾಗ ಕೂತಿದ್ದೆ. ನಾನು ಕ್ರೈಸ್ತನಲ್ಲ, ದೀಕ್ಷಾಸ್ನಾನ ಪಡೆದವನಲ್ಲ. ಬಾಬಾಸಾಹೇಬರ ದಾರಿಯೇ ನನ್ನ ದಾರಿ ಅಂತ ಇಪ್ಪತ್ತು ವರ್ಷದಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸುತ್ತಿದವನು. ನಿಮ್ಮಲ್ಲಿ ಬಹಳ ಮಂದಿಗೆ ನಾನು ಗೊತ್ತಿರೋದೇ ಹಂಗ. ಅವತ್ತು ಅಲ್ಲಿಗೆ ಹೋಗಿದ್ದು ತೀರಿಹೋದ ನಮ್ಮವ್ವನ ಸಲುವಾಗಿ. ಎಂಟು ವರ್ಷ ತಡವಾಗಿ ಹೋಗಿದ್ದೆ.

ಪಾಸ್ಟರ್ ಪೇತ್ರನ ಕಥೆ ಓದಿದರು. ಗೊತ್ತಿಲ್ಲದವರಿಗೆ ಎರಡು ಮಾತಿನಾಗ ಹೇಳ್ತೀನಿ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಶಿಷ್ಯ ಪೇತ್ರ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತ ನಿಂತಿದ್ದ. ಮನೆಗೆಲಸದ ಹುಡುಗಿಯೊಬ್ಬಳು ಬಂದು ನೀನೂ ಅವನ ಕಡೆಯವನಲ್ಲವೇ ಅಂತ ಕೇಳಿದಳು. ಇಲ್ಲ ಅಂದ. ಮೂರು ಸಲ ಕೇಳಿದರು, ಮೂರು ಸಲವೂ ಇಲ್ಲ ಅಂದ. ಅವನ ಗಲಿಲಾಯದ ಮಾತಿನ ಧಾಟಿಯಿಂದಲೇ ಅಲ್ಲಿದ್ದವರು ಅವನನ್ನು ಗುರುತು ಹಿಡಿದಿದ್ದರು. ಆಮೇಲೆ ಕೋಳಿ ಕೂಗಿತು. ಪೇತ್ರ ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ.

ಮಾತಿನ ಧಾಟಿಯಿಂದ ಗುರುತು ಹಿಡಿಯೋದು ಅಂದ್ರೆ ಏನಂತ ನಮ್ಮ ಕೇರಿಯವರಿಗೆ ಬೇರೆ ಹೇಳಬೇಕಾಗಿಲ್ಲ. ನನಗೆ ಅಲ್ಲಿ ಕೂತು ಉಸಿರು ಕಟ್ಟಿದ್ದು ಬೇರೆ ಕಾರಣಕ್ಕೆ. ನಾನೂ ಮೂರು ಸಲ ಇಲ್ಲ ಅಂದಿದ್ದೆ.

ಮೊದಲನೇ ಸಲ ಹಾಸ್ಟೆಲಿನಲ್ಲಿ. ನನಗೆ ಹದಿನಾಲ್ಕು ವರ್ಷ. ಅಪ್ಪ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ, ದುಡಿದದ್ದರಲ್ಲಿ ಅರ್ಧ ಕುಡಿಯುತ್ತಿದ್ದ. ಅವ್ವ ಪ್ರಾರ್ಥನಾ ಕೂಟಕ್ಕೆ ಹೋಗೋದು ಶುರು ಮಾಡಿದ್ದು ಅದೇ ದಿನಗಳಲ್ಲಿ. ಒಂದು ಐತ್ವಾರ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನನ್ನ ನೋಡಾಕ ಬಂದಳು. ಕೈಚೀಲದಿಂದ ಬೈಬಲ್ ಹೊರಗ ಇಣುಕಿತ್ತು. ಹುಡುಗರು ‘ಯಾರೋ ಅಕಿ, ಚರ್ಚಿನಾಕಿ?’ ಅಂತ ಕೇಳಿದರು. ನಾನು ‘ನಮ್ಮೂರಾಕಿ. ನಮ್ಮವ್ವ ರೊಟ್ಟಿ ಕೊಟ್ಟು ಕಳಿಸ್ಯಾಳ’ ಅಂದೆ. ಆಕಿ ಹತ್ತು ಹೆಜ್ಜೆ ದೂರದಾಗ ನಿಂತಿದ್ದಳು.

ಎರಡನೇ ಸಲ ಜಾತಿ ಪ್ರಮಾಣಪತ್ರದ ಪರಿಶೀಲನೆಗೆ ಒಬ್ಬರು ಮನೆಗೆ ಬಂದಾಗ. ಗೋಡೆ ಮೇಲೆ ಯೇಸುವಿನ ಕ್ಯಾಲೆಂಡರ್ ಇತ್ತು. ಬಾಬಾಸಾಹೇಬರ ಫೋಟೋ ಇನ್ನೊಂದು ಗೋಡೆಗೆ ಇತ್ತು, ಅದನ್ನ ಅವರು ನೋಡಲಿಲ್ಲ. ‘ಮನ್ಯಾಗ ಯಾರು ಚರ್ಚಿಗೆ ಹೋಗ್ತೀರಿ?’ ಅಂದರು. ‘ಯಾರೂ ಇಲ್ರಿ ಸರ್. ನಮ್ಮವ್ವಗ ತಲಿ ಸ್ವಲ್ಪ ಸರಿ ಇಲ್ಲ, ಯಾರೋ ಕೊಟ್ಟಿದ್ದು ತಂದು ಹಾಕ್ಯಾಳ’ ಅಂದೆ. ಅವ್ವ ಒಲಿ ಮುಂದ ಚಹಾ ಸೋಸಾಕತ್ತಿದ್ದಳು. ಚಹಾ ತಂದುಕೊಟ್ಟಳು, ಒಂದು ಮಾತೂ ಆಡಲಿಲ್ಲ. ಅವರು ಹೋದ ಮೇಲೆ ತಾನೇ ಆ ಕ್ಯಾಲೆಂಡರ್ ತೆಗೆದು ಸುತ್ತಿ, ಟ್ರಂಕಿನೊಳಗ ಸೀರೆಗಳ ಕೆಳಗ ಇಟ್ಟಳು. ಸಾಯೋತನಕ ಹೊರಗ ತೆಗೀಲಿಲ್ಲ.

ಮೂರನೇ ಸಲ ಆಕಿ ಸತ್ತಾಗ. ‘ಮಣ್ಣು ಕೊಡೋಮುಂದ ನಮ್ಮ ಅಕ್ಕಾರನ್ನ ಕರಿ ಯಪ್ಪಾ, ಒಂದು ಹಾಡು ಹಾಡ್ತಾರ’ ಅಂತ ಕೇಳಿಕೊಂಡಿದ್ದಳು. ಅಷ್ಟೇ ಅವಳ ಆಸೆ. ಅವತ್ತು ಐದೂ ಕಡೆಯಿಂದ ಸಂಘಟನೆಯವರು ಬಂದರು. ನೀಲಿ ಧ್ವಜ ಹೊದಿಸಿದೆವು. ಹಲಗಿ ಬಾರಿಸಿದರು. ಬುದ್ಧವಂದನೆ ಹೇಳಿಸಿದೆ. ಹೋರಾಟಗಾರನ ತಾಯಿ ಅಂತ ಭಾಷಣಗಳಾದವು. ಪ್ರಾರ್ಥನಾ ಕೂಟದ ಏಳೆಂಟು ಹೆಣ್ಣುಮಕ್ಕಳು ದೂರದ ಜಾಲಿ ಗಿಡದ ಕೆಳಗ ಗೀತಪುಸ್ತಕ ಮುಚ್ಚಿ ಹಿಡಿದುಕೊಂಡು ನಿಂತಿದ್ದರು. ನೋಡಿದೆ. ಕರೀಲಿಲ್ಲ. ‘ಅವರು ಯಾರು?’ ಅಂತ ಪಕ್ಕದಲ್ಲಿದ್ದ ಗೆಳೆಯ ಕೇಳಿದ. ‘ಊರವರು’ ಅಂದೆ.

ಕೋಳಿ ಆಗಲೇ ಕೂಗಿತ್ತು. ನಾನೇ ಕಿವಿ ಮುಚ್ಚಿಕೊಂಡೆ.

ಈಗ ವಿಷಯಕ್ಕೆ ಬರ್ತೀನಿ. ಪೇತ್ರ ಸುಳ್ಳು ಹೇಳಿದ್ದು ತಪ್ಪೇ. ಆದರೆ ಆ ರಾತ್ರಿ ಆಯುಧ ಹಿಡಿದು ಬಂದವರು ಯಾರು? ಆ ಅಂಗಳ ಯಾರದು? ಸುಳ್ಳು ಹೇಳದೆ ಬದುಕಲು ಆಗದಂಥ ಪರಿಸ್ಥಿತಿ ತಂದಿಟ್ಟವರನ್ನು ಬಿಟ್ಟು, ಸುಳ್ಳು ಹೇಳಿದವನನ್ನಷ್ಟೇ ಹಿಡಿದು ಕೂರೋದು ನ್ಯಾಯ ಅಲ್ಲ.

1950ರ ಆಗಸ್ಟ್ 10ರಂದು ಸಂವಿಧಾನದ ಪರಿಶಿಷ್ಟ ಜಾತಿಗಳ ಆದೇಶ ಹೊರಬಿತ್ತು. ಅದರ 3ನೇ ಪ್ಯಾರಾದ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಇನ್ನೂ ಹೊರಗೇ ಇದ್ದಾರೆ. ದಲಿತ ಕ್ರೈಸ್ತರು ಪ್ರತಿ ವರ್ಷ ಆಗಸ್ಟ್ 10ನ್ನು ಕರಾಳ ದಿನ ಅಂತ ಆಚರಿಸೋದು ಇದಕ್ಕೇ. ನಮ್ಮಲ್ಲಿ ಎಷ್ಟು ಮಂದಿ ಆ ದಿನ ಅವರ ಪಕ್ಕದಲ್ಲಿ ನಿಂತಿದ್ದೀವಿ? ನಾನು ಒಂದು ಸಲವೂ ನಿಂತಿಲ್ಲ.

1985ರ ಸೂಸೈ ಪ್ರಕರಣ ಓದ್ರಿ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯೋ ಮನುಷ್ಯ. ಅವನಂಥ ದಲಿತ ಚಮ್ಮಾರರಿಗೆ ಸರ್ಕಾರ ಕೂತು ಕೆಲಸ ಮಾಡಲು ಸಣ್ಣ ಗೂಡಂಗಡಿ ಕೊಟ್ಟಿತು, ಇವನಿಗೆ ಕೊಡಲಿಲ್ಲ. ಇವನು ಕ್ರೈಸ್ತ ಅನ್ನೋದೇ ಕಾರಣ. ಅದೇ ರಸ್ತೆ, ಅದೇ ಚರ್ಮ, ಅದೇ ಕೆಲಸ. ಸುಪ್ರೀಂ ಕೋರ್ಟು ಅರ್ಜಿ ತಳ್ಳಿಹಾಕಿತು. ಮತಾಂತರದ ನಂತರವೂ ಅದೇ ಪ್ರಮಾಣದ ಸಾಮಾಜಿಕ ತೊಂದರೆ ಇದೆ ಅಂತ ತೋರಿಸಲು ಸಾಕಷ್ಟು ಆಧಾರ ಇಲ್ಲ ಅಂದಿತು. ನಮ್ಮ ಮಾದಿಗ ಕೇರಿಗೆ ಬಂದಿದ್ದರೆ ಆಧಾರ ಕಣ್ಣಿಗೇ ಕಾಣುತ್ತಿತ್ತು. ಚರ್ಚಿಗೆ ಹೋಗುವವನಿಗೆ ಅಂತ ಹೋಟೆಲಿನವನು ಬೇರೆ ಕಪ್ಪು ತೆಗೆದಿಟ್ಟಿರಲಿಲ್ಲ. ನಮಗೆಲ್ಲ ಇಟ್ಟಿದ್ದೇ ಅವನಿಗೂ.

ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ವರದಿ ಕೊಟ್ಟು, ಆ 3ನೇ ಪ್ಯಾರಾ ತೆಗೆದುಹಾಕಿ ಅಂತ ಶಿಫಾರಸು ಮಾಡಿತು. ತೆಗೆಯಲಿಲ್ಲ. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗ ಮಾಡಿದರು. 2024ರ ನವೆಂಬರ್ 26ರಂದು, ಅದೂ ಸಂವಿಧಾನ ದಿನವೇ, ಪುದುಚೇರಿಯ ಒಬ್ಬ ಹೆಣ್ಣುಮಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕ್ರೈಸ್ತ ನಂಬಿಕೆಯಲ್ಲಿ ನಡೆಯುತ್ತ, ಬರೀ ಮೀಸಲಾತಿಗಾಗಿ ಹಿಂದೂ ಅಂತ ಹೇಳಿಕೊಳ್ಳೋದು ಸಂವಿಧಾನಕ್ಕೇ ಮಾಡಿದ ವಂಚನೆ ಅಂದಿತು. 2025ರಲ್ಲಿ ಆಂಧ್ರ ಹೈಕೋರ್ಟು, ಕ್ರೈಸ್ತನಾದವನು ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೇಳುವಂತಿಲ್ಲ ಅಂದಿತು. ಅರ್ಥ ಆಯ್ತಲ್ಲ? ಜಾತಿ ಹೆಸರು ಹಿಡಿದು ಬೈಯುವವನು ನಿನ್ನ ಧರ್ಮ ಕೇಳೋದಿಲ್ಲ. ದೂರು ಕೊಡಲು ಹೋದಾಗ ಕಾನೂನು ಕೇಳುತ್ತದೆ.

ವಂಚನೆ ಅನ್ನೋ ಮಾತು ನನ್ನ ತಲೆಯಲ್ಲಿ ಕೊರೀತಾ ಇದೆ. ಯಾರು ಯಾರಿಗೆ ಮಾಡಿದ ವಂಚನೆ? ನಂಬಿಕೆ ಬೇಕಾದರೆ ಹಕ್ಕು ಬಿಡು, ಹಕ್ಕು ಬೇಕಾದರೆ ನಂಬಿಕೆ ಬಚ್ಚಿಡು ಅಂತ ಎಪ್ಪತ್ತೈದು ವರ್ಷ ಹೇಳಿದ್ದು ಯಾರು? 25ನೇ ವಿಧಿಯಲ್ಲಿ ಧರ್ಮ ಸ್ವಾತಂತ್ರ್ಯ ಕೊಟ್ಟು, ಅದನ್ನು ಬಳಸಿಕೊಂಡ ಬಡವನಿಂದ ದಂಡ ವಸೂಲಿ ಮಾಡಿದ್ದು ಯಾರು? ತಹಸೀಲ್ ಕಚೇರಿಯ ಕೌಂಟರಿನಲ್ಲಿ ನಿಂತು ಹಿಂದೂ ಅಂತ ಬರೆಸುವ ಖಣಿ ಕೂಲಿಯ ಕೈ ನಡುಗುತ್ತದೆ. ಆ ನಿಯಮ ಬರೆದವರ ಕೈ ನಡುಗಿರಲಿಕ್ಕಿಲ್ಲ.

ಚಿಂಚೋಳಿ ಕಡೆಯ ಹುಡುಗನೊಬ್ಬ ಮುಂಬೈಗೆ ಗುಳೆ ಹೋದವನು ಫೋನಿನಲ್ಲಿ ಹೇಳಿದ: ‘ಅಣ್ಣಾ, ಅಲ್ಲಿ ಬಿಲ್ಡಿಂಗ್ ಕೆಲಸದಾಗ ಎಲ್ಲರ ಮುಂದ ಪ್ರಾರ್ಥನಾ ಮಾಡ್ತೀನಿ. ಊರಿಗೆ ಬಂದ್ರ ನಾಲ್ಕು ಗೋಡಿ ಒಳಗ ಮಾಡ್ತೀನಿ. ತಂಗಿ ಓದಾಕತ್ತಾಳ.’ 2025ರಲ್ಲಿ ಮನೆಮನೆಗೆ ಎರಡು ಸಲ ಸಮೀಕ್ಷೆ ಬಂತು. ಮೇ ತಿಂಗಳಲ್ಲಿ ಒಳಮೀಸಲಾತಿಗೆ, ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದಿಂದ. ಎರಡನೆಯದರಲ್ಲಿ ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಇದ್ದದ್ದಕ್ಕೆ ಎಷ್ಟು ಗದ್ದಲ ಆಯಿತು ನೆನಪಿದೆಯಲ್ಲ? ಎರಡು ಸಲವೂ ವಾಡಿಯ ಒಬ್ಬ ಅಕ್ಕಾರು ಗೋಡೆ ಮೇಲಿನ ಶಿಲುಬೆ ತೆಗೆದಿಟ್ಟು ಬಾಗಿಲು ತೆರೆದರು. ಅವರೇ ನನಗೆ ಹೇಳಿದ್ದು. ಹೇಳುವಾಗ ಅತ್ತರು. ‘ನಾನು ಪೇತ್ರನಂಥಾಕಿ’ ಅಂದರು.

ಈ ತಪ್ಪಿತಸ್ಥ ಭಾವ ಎಲ್ಲಿಂದ ಬಂತು? ಸಭೆಯೊಳಗೂ ಕೇಳಬೇಕಾದ ಪ್ರಶ್ನೆ ಅದ. ಸುಳ್ಳು ಹೇಳೋದು ಪಾಪ, ನಿಜ. ಆದರೆ ಕೂಲಿ ಹೆಣ್ಣುಮಗಳ ಸುಳ್ಳಿನ ಬಗ್ಗೆ ಒಂದು ಗಂಟೆ ಪ್ರಸಂಗ ಮಾಡುವವರು, ಆ 3ನೇ ಪ್ಯಾರಾದ ಬಗ್ಗೆ ಹತ್ತು ನಿಮಿಷ ಮಾತಾಡಿದ್ದು ನಾನು ಕೇಳಿಲ್ಲ. ಬೀದರ್, ಕಲಬುರಗಿ ಭಾಗದ ಮೆಥಡಿಸ್ಟ್ ಸಭೆ ಕಟ್ಟಿದ್ದೇ ನಮ್ಮ ಕೇರಿಗಳು. ಆ ಸಭೆಯ ಬೆನ್ನೆಲುಬು ಇವತ್ತಿಗೂ ನಮ್ಮ ಕೇರಿಯ ಹೆಣ್ಣುಮಕ್ಕಳೇ. ಹಂಗಿದ್ದ ಮೇಲೆ ಅವರ ಅಂಜಿಕೆ ಸಭೆಯ ಅಂಜಿಕೆ ಆಗಬೇಕಲ್ಲ? ಮತಾಂತರ ಆದವರ ಸ್ಥಿತಿಗತಿ ಬಗ್ಗೆ ಬರೆದಾಗ ಬಾಬಾಸಾಹೇಬರೂ ಇದನ್ನೇ ಕೇಳಿದ್ದರು. ಸಾಮಾಜಿಕ ಅನ್ಯಾಯದ ವಿರುದ್ಧ ಭಾರತದ ಕ್ರೈಸ್ತ ಸಮುದಾಯ ಯಾಕೆ ಹೋರಾಡುತ್ತಿಲ್ಲ ಅನ್ನೋದು ಅವರ ತಕರಾರು.

ಇನ್ನು ನಮ್ಮ ಕಡೆ ತಿರುಗ್ತೀನಿ. ಸಿಟ್ಟಾಗಬ್ಯಾಡ್ರಿ.

ದಲಿತ ಕ್ರೈಸ್ತರನ್ನು ಅಕ್ಕಿ ಚೀಲಕ್ಕೆ ಮಾರಿಕೊಂಡವರು ಅಂತ ಬೇರೆಯವರು ಹೀಯಾಳಿಸಿದಾಗ ನಾವು ಸುಮ್ಮನಿದ್ದೆವು. ಕೆಲವರು ನಕ್ಕರು. ನಮ್ಮ ಸೀಮೆಯಲ್ಲಿ ಅಕ್ಕಿ ಕಂಡದ್ದೇ ಹಬ್ಬಕ್ಕೆ, ರೊಟ್ಟಿ ತಿಂದು ಬೆಳೆದವರು ನಾವು. ನಮ್ಮವ್ವ ಅಲ್ಲಿಗೆ ಹೋಗಿದ್ದು ಅಕ್ಕಿಗಾಗಿ ಅಲ್ಲ. ಊರಾಗ ಎಲ್ಲರೂ ಏಕವಚನದಾಗ ಕರೀತಿದ್ದ ಆಕಿನ್ನ ಅಲ್ಲಿ ‘ಬರ್ರಿ ಅಕ್ಕಾರೆ, ಕೂಡ್ರಿ’ ಅಂದರು. ಅಪ್ಪ ಹೊಡೆದ ರಾತ್ರಿ ಕೇಳಲು ನಾಲ್ಕು ಹೆಣ್ಣುಮಕ್ಕಳು ಬಂದರು. ಗೀತಪುಸ್ತಕದ ಮೇಲೆ ಬೆರಳಿಟ್ಟು ನಲವತ್ತರ ವಯಸ್ಸಿನಲ್ಲಿ ಅಕ್ಷರ ಕಲಿತಳು. ನಮ್ಮ ಸಂಘಟನೆ ನಮ್ಮವ್ವಗ ಏನು ಕೊಟ್ಟಿತ್ತು? ಮೀಟಿಂಗ್ ಇದ್ದಾಗ ನಲವತ್ತು ಮಂದಿಗೆ ರೊಟ್ಟಿ ಬಡಿಯೋ ಕೆಲಸ.

‘ಅವರು ಬಿಟ್ಟು ಹೋದವರು, ನಮ್ಮ ಪಾಲಿನಲ್ಲಿ ಕೈ ಹಾಕಬಾರದು’ ಅನ್ನೋ ಮಾತು ಸೇಡಂನ ಒಂದು ಮೀಟಿಂಗಿನಲ್ಲಿ ಬಂತು. ಹಂಗ ಅಂದ ಗೆಳೆಯರ ಮನೆಯಲ್ಲಿ ಪಂಚಶೀಲ ಹೇಳ್ತಾರೆ. ನಾನು ಅವರಿಗೆ ಒಂದೇ ನೆನಪು ಮಾಡಿಕೊಟ್ಟೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ದೀಕ್ಷೆ ತಗೊಂಡವರಿಗೂ ಈ ಆದೇಶದಲ್ಲಿ ಜಾಗ ಸಿಕ್ಕಿದ್ದು 1990ರಲ್ಲಿ. ಮೂವತ್ತನಾಲ್ಕು ವರ್ಷ! ಆ ವರ್ಷಗಳಲ್ಲಿ ಮನ್ಯಾಗ ಬುದ್ಧ, ಕಾಗದದಾಗ ಹಿಂದೂ ಅಂತ ಬದುಕಿದವರು ನಮ್ಮವರೇ ಇದ್ದರು. ಅವರನ್ನು ನಾವು ಸುಳ್ಳುಗಾರರು ಅಂದೆವೇನು? ಇಲ್ಲ, ವ್ಯವಸ್ಥೆ ಸುಳ್ಳಿನದು ಅಂದೆವು. ಚಿತ್ತಾಪುರ ತಾಲೂಕಿನ ಸನ್ನತಿಗೆ ಹೋಗಿ ಅಶೋಕನ ಶಿಲ್ಪದ ಮುಂದೆ ಹೆಮ್ಮೆಯಿಂದ ಸೆಲ್ಫಿ ತಗೊಳ್ಳುವ ನಾವು, ಅದೇ ತಾಲೂಕಿನ ಕೇರಿಯಲ್ಲಿ ದನಿ ತಗ್ಗಿಸಿ ಹಾಡುವವರ ಮುಂದೆ ಮುಖ ತಿರುಗಿಸುತ್ತೇವೆ.

ಶುಭ ಶುಕ್ರವಾರದ ಕಥೆಯಲ್ಲಿ ಇನ್ನೊಬ್ಬ ಇದ್ದಾನೆ, ಯೂದ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟವನು. ಅವನೂ ಪಶ್ಚಾತ್ತಾಪಪಟ್ಟ ಅನ್ನೋದನ್ನ ಬಹಳ ಜನ ಮರೀತಾರೆ. ಹಣ ವಾಪಸ್ ತಂದ, ತಪ್ಪು ಮಾಡಿದೆ ಅಂತ ಯಾಜಕರ ಮುಂದೆ ಬಾಯಿಬಿಟ್ಟು ಹೇಳಿದ. ನಮಗೇನು, ನೀನೇ ನೋಡಿಕೋ ಅಂದರು ಅವರು. ಅವನು ಹೋಗಿ ನೇಣು ಹಾಕಿಕೊಂಡ. ರಕ್ತದ ಹಣ ಭಂಡಾರಕ್ಕೆ ಹಾಕಬಾರದು ಅಂತ ಯಾಜಕರು ಕುಂಬಾರನ ಹೊಲ ಕೊಂಡರು, ಪರದೇಶಿಗಳನ್ನು ಹೂಳಲು.

ಪೇತ್ರನೂ ತಪ್ಪು ಮಾಡಿದ, ಯೂದನೂ ಮಾಡಿದ. ಇಬ್ಬರೂ ಸಂಕಟಪಟ್ಟರು. ಪೇತ್ರನಿಗೆ ವಾಪಸ್ ಹೋಗಲು ಮಂದಿ ಇದ್ದರು. ಯೂದ ಹೋದ ಕಡೆ ಬಾಗಿಲು ಮುಚ್ಚಿತ್ತು. ಆಮೇಲೆ ಸಮುದ್ರದ ದಡದಲ್ಲಿ ಯೇಸು ಮತ್ತೆ ಬೆಂಕಿ ಹಚ್ಚಿ, ರೊಟ್ಟಿ ಮೀನು ಸುಟ್ಟು, ಊಟಕ್ಕೆ ಬರ್ರಿ ಅಂತ ಕರೆದ. ಉಂಡಾದ ಮೇಲೆ ಪೇತ್ರನನ್ನು ಮೂರು ಸಲ ಕೇಳಿದ: ನನ್ನ ಮೇಲೆ ಪ್ರೀತಿ ಇದೆಯಾ? ಹಳೇದು ಎತ್ತಿ ಬೈಯಲಿಲ್ಲ. ಪ್ರತಿ ಸಲವೂ ಒಂದು ಕೆಲಸ ಕೊಟ್ಟ: ನನ್ನ ಕುರಿಗಳನ್ನ ನೋಡಿಕೋ.

ನಾನು ನಂಬಿಕಸ್ಥನಲ್ಲ. ಆದರೂ ಇಷ್ಟು ನನಗೆ ತಿಳೀತದ. ತಪ್ಪು ಒಪ್ಪಿಕೊಂಡು ಬಂದವನಿಗೆ ನಮಗೇನು ಅನ್ನುವ ಮಂದಿ ಆಗಬೇಕೋ, ಒಲಿ ಹಚ್ಚಿ ಊಟಕ್ಕೆ ಕರೆದು ಕೆಲಸ ಕೊಡುವ ಮಂದಿ ಆಗಬೇಕೋ? ಸಭೆಗಳೂ ಸಂಘಟನೆಗಳೂ ಇದನ್ನ ತಮಗೆ ತಾವೇ ಕೇಳಿಕೊಳ್ಳಬೇಕು. ‘ನಿನ್ನ ಪ್ರಮಾಣಪತ್ರ ರದ್ದು ಮಾಡಿಸ್ತೀನಿ’ ಅಂತ ಪಕ್ಕದ ಮನೆಯವನ ಮೇಲೆ ಅರ್ಜಿ ಬರೆಯುವ ನಮ್ಮದೇ ಜನ ಕನ್ನಡಿ ನೋಡಿಕೊಳ್ಳಲಿ. ಆ ಮೂವತ್ತು ನಾಣ್ಯ ಯಾರ ಕಿಸೆಯಲ್ಲಿದೆ ಅಂತ ಹುಡುಕಿಕೊಳ್ಳಲಿ.

ಅತ್ತರೆ ಪಶ್ಚಾತ್ತಾಪ ಆಗೋದಿಲ್ಲ. ಲೂಕನ ಸುವಾರ್ತೆಯಲ್ಲಿ ಜಕ್ಕಾಯ ಅನ್ನೋ ಸುಂಕದವನು ಬರ್ತಾನೆ. ಯೆರಿಕೋ ಊರಿನವನು, ಜನರಿಂದ ಸುಲಿದು ಶ್ರೀಮಂತನಾದವನು. ಅವನು ಎದ್ದು ನಿಂತು ಲೆಕ್ಕ ಹೇಳಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತಗೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್. ಪಶ್ಚಾತ್ತಾಪ ಅಂದ್ರೆ ಅದು. ಅದಕ್ಕೆ ಲೆಕ್ಕ ಇರಬೇಕು, ಕೊಡಬೇಕಾದವರಿಗೆ ಮುಟ್ಟಬೇಕು. ದಲಿತರ ಮನೆಯಲ್ಲಿ ಒಂದು ದಿನ ಉಂಡು ಫೋಟೋ ಹಾಕಿಕೊಳ್ಳುವವರಿಗೂ, ಬಾಬಾಸಾಹೇಬರ ಪ್ರತಿಮೆಗೆ ಹಾರ ಹಾಕಿ 3ನೇ ಪ್ಯಾರಾ ಮುಟ್ಟದ ಪಕ್ಷಗಳಿಗೂ ಈ ಜಕ್ಕಾಯನ ಲೆಕ್ಕ ತೋರಿಸಬೇಕು.

ಮೊದಲು ನನ್ನ ಲೆಕ್ಕ.

ಅವತ್ತು ಆರಾಧನೆ ಮುಗಿದ ಮೇಲೆ, ಎಂಟು ವರ್ಷದ ಹಿಂದೆ ಜಾಲಿ ಗಿಡದ ಕೆಳಗೆ ನಿಂತಿದ್ದ ಒಬ್ಬ ಆಯಿ ಸಿಕ್ಕರು. ಕಾಲು ಮುಟ್ಟಿ ಎಲ್ಲ ಹೇಳಿದೆ. ಕೇಳಿಸಿಕೊಂಡರು. ಆಮೇಲೆ ಅಂದರು: ‘ನಮಗ ಅವತ್ತೇ ಗೊತ್ತಿತ್ತು ತಮ್ಮಾ. ನೀವೆಲ್ಲ ಹೋದ ಮ್ಯಾಲ, ಕತ್ತಲಾದಾಗ ನಾವು ಹೋಗಿ ಹಾಡಿ ಬಂದೀವಿ. ನಿಮ್ಮವ್ವನ ಹಾಡು ಬಾಕಿ ಇಲ್ಲ.’ ನನಗೆ ಸ್ವಲ್ಪ ಹಗುರಾಯಿತು. ಅಷ್ಟರಲ್ಲೇ ಮತ್ತೆ ಅಂದರು: ‘ಆದ್ರ ಆಕಿಗಿ ಹಗಲಿನ್ಯಾಗ ಹಾಡಬೇಕಿತ್ತು.’

ಆ ಎರಡನೇ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಹೋದ ತಿಂಗಳು ಅಪ್ಪ ಎಬ್ಬಿಸುತ್ತಿದ್ದಂಥದೇ ಒಂದು ಫರಸಿ ಕಲ್ಲು ತಂದು, ಅದರ ಮೇಲೆ ಶಿಲುಬೆ ಕೊರೆಸಿ, ದೀಕ್ಷಾಸ್ನಾನದಲ್ಲಿ ಅವ್ವ ಪಡೆದ ಹೆಸರು ಕೊರೆಸಿದೆ. ಐತ್ವಾರ ಬೆಳಿಗ್ಗೆ ಹತ್ತು ಗಂಟೆಗೆ, ಊರು ನೋಡುವಂಗ, ಗೋರಿ ಮೇಲೆ ನಿಲ್ಲಿಸಿದೆವು. ಅಕ್ಕಾರು ಹಾಡಿದರು. ಕರೆದ ಸಂಘಟನೆಯವರಲ್ಲಿ ಆರು ಮಂದಿ ಬಂದರು, ಕೆಲವರು ಬರಲಿಲ್ಲ. ಬರದವರ ಮೇಲೆ ನನಗೆ ಸಿಟ್ಟಿಲ್ಲ. ಎಂಟು ವರ್ಷ ನಾನೇ ಬಂದಿರಲಿಲ್ಲ.

ಆ ಹೆಸರು ಇಲ್ಲಿ ಬರೆಯೋದಿಲ್ಲ, ಊರಿನ ಹೆಸರೂ ಬರೆಯೋದಿಲ್ಲ. ನನ್ನ ರಕ್ತ ಸಂಬಂಧಿಕರು ಆ ಊರಿನಲ್ಲಿದ್ದಾರೆ, ಅವರ ಕಾಗದಪತ್ರಗಳಿವೆ, ಮಕ್ಕಳ ಫೀಸಿದೆ. ನನ್ನ ತಪ್ಪೊಪ್ಪಿಗೆಗೆ ಅವರು ಬೆಲೆ ತೆರಬಾರದು. ಹಂಗಾಗಿ ಈ ನಿವೇದನೆಯೂ ಅರ್ಧ ಬಚ್ಚಿಟ್ಟಿದ್ದೇ. ಪೂರ್ತಿ ನಿಜ ಹೇಳಲಿಕ್ಕೆ ಆ 3ನೇ ಪ್ಯಾರಾ ಇನ್ನೂ ಬಿಡುತ್ತಿಲ್ಲ.

ಅದಕ್ಕೇ ನಿಮ್ಮ ಹತ್ತಿರ ಮೂರು ಕೇಳ್ತೀನಿ.

ಒಂದು, ಬರುವ ಆಗಸ್ಟ್ 10ಕ್ಕೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ನಮ್ಮ ಎಲ್ಲ ಸಂಘಟನೆಗಳು 3ನೇ ಪ್ಯಾರಾ ತೆಗೆಯಬೇಕು ಅಂತ ಠರಾವು ಪಾಸು ಮಾಡಿ, ಕಪ್ಪು ಪಟ್ಟಿ ಕಟ್ಟಿಕೊಂಡು ಸಭೆಯವರ ಜೊತೆ ನಿಲ್ಲಬೇಕು. ನಮ್ಮ ಪಾಲು ಕಡಿಮೆ ಆಗ್ತದ ಅನ್ನೋ ಅಂಜಿಕೆ ಇದ್ದರೆ, ಜನಸಂಖ್ಯೆ ಸೇರಿದಷ್ಟು ಮೀಸಲಾತಿ ಪ್ರಮಾಣವೂ ಏರಿಸ್ರಿ ಅಂತ ಅದೇ ಠರಾವಿನಲ್ಲಿ ಬರೀರಿ.

ಎರಡು, ದಲಿತ ಕ್ರೈಸ್ತರಿಗೆ ಹೂಳಲು ಜಾಗ ಇಲ್ಲದ ಊರುಗಳ ಪಟ್ಟಿ ಮಾಡಿ ತಹಸೀಲ್ದಾರರಿಗೆ ಕೊಡೋಣ. ಸ್ವಂತ ಊರಿನಲ್ಲಿ ಸತ್ತವರಿಗೆ ಪರದೇಶಿಗಳ ಹೊಲ ಹುಡುಕುವ ಗತಿ ಬರಬಾರದು.

ಮೂರು, ನಿಮ್ಮ ಮನೆಯಲ್ಲೂ ಟ್ರಂಕಿನ ತಳದಲ್ಲಿ ಒಂದು ಕ್ಯಾಲೆಂಡರ್ ಇದ್ದರೆ, ಅದನ್ನ ಇಟ್ಟ ಅವ್ವ ಇನ್ನೂ ಬದುಕಿದ್ದರೆ, ಇವತ್ತೇ ಆಕಿ ಹತ್ತಿರ ಹೋಗಿ ಕೂಡ್ರಿ. ಗೋಡೆಗೆ ಹಾಕೋದೋ ಬಿಡೋದೋ ಆಕಿನ್ನೇ ಕೇಳ್ರಿ. ನಾನು ಕೇಳಲಿಲ್ಲ.

ಕಮೆಂಟಿನಲ್ಲಿ ಯಾರೂ ತಮ್ಮ ಸಭೆಯ ಹೆಸರು, ಊರ ಹೆಸರು ಬರೀಬ್ಯಾಡ್ರಿ. ಯಾರನ್ನೂ ಟ್ಯಾಗ್ ಮಾಡಬ್ಯಾಡ್ರಿ. ಹೇಳಬೇಕು ಅನ್ನಿಸಿದ್ದನ್ನ ಇನ್‌ಬಾಕ್ಸಿಗೆ ಕಳಿಸ್ರಿ. ಬೈಯಬೇಕಾದವರು ಇಲ್ಲೇ ಬೈಯ್ರಿ, ಓದ್ತೀನಿ.

ಜೈ ಭೀಮ್.